ವಿಟಿ ಸ್ಟೇಷನ್ ಕಟ್ಟಿದ ಸ್ಟೀವನ್ಸ್ ಮುಂಬೈಯಲ್ಲಿ ಬೇರೆ ಏನೇನು ಕಟ್ಟಿದ್ದಾರೆ? ಅರ್ಧ ದಿನದಲ್ಲಿ ನೋಡಬಹುದಾ?

ದಾವಣಗೆರೆಯಿಂದ ಮದುವೆಗೆ ಬರುತ್ತಿದ್ದೀರಿ, ಅರ್ಧ ದಿನ ಬಿಡುವಿದೆ, ಸ್ಟೀವನ್ಸ್ ಕಟ್ಟಿದ್ದರಲ್ಲಿ ವಿಟಿ, ಅಂದರೆ ವಿಕ್ಟೋರಿಯಾ ಟರ್ಮಿನಸ್, ಒಂದನ್ನೇ ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ನನ್ನ ಮಾತು ಕೇಳುವುದಾದರೆ ವಿಟಿಯಿಂದ ಶುರುವನ್ನೇ ಮಾಡಬೇಡಿ. ಮೊದಲು ಕೊಲಾಬಾ ಕಡೆ ಹೋಗಿ, ರೀಗಲ್ ಸಿನಿಮಾ ಮುಂದಿನ ಸರ್ಕಲ್ ಹತ್ತಿರ ನಿಂತುಕೊಳ್ಳಿ. ಹಳಬರು ಅದನ್ನು ವೆಲಿಂಗ್ಟನ್ ಸರ್ಕಲ್ ಅನ್ನುತ್ತಾರೆ.

ಅಲ್ಲಿ ಒಂದು ಪಕ್ಕ ಹಳೇ ಕಲ್ಲಿನ ಕಟ್ಟಡ ಇದೆ. ಈಗ ಮಹಾರಾಷ್ಟ್ರ ಪೊಲೀಸರ ಮುಖ್ಯ ಕಚೇರಿ. ಇನ್ನೊಂದು ಪಕ್ಕ ರೀಗಲ್. ಕಲ್ಲಿನ ಕಟ್ಟಡ ವಿಟಿಯ ವಾಸ್ತುಶಿಲ್ಪಿ, ಅಪ್ಪ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರದು, 1876ರಲ್ಲಿ ಮುಗಿದದ್ದು. ರೀಗಲ್ ಮಗ ಚಾರ್ಲ್ಸ್ ಅವರದು, 1933ರದ್ದು. ಮುಂಬೈ ಐವತ್ತೇಳು ವರ್ಷದಲ್ಲಿ ಎಷ್ಟು ಬದಲಾಯಿತು ಅನ್ನುವುದು ಒಂದೇ ಮನೆಯವರ ಕೆಲಸದಲ್ಲಿ, ಒಂದೇ ಸರ್ಕಲ್‌ನಲ್ಲಿ ಕಾಣುತ್ತದೆ. ಇಂಥ ಜಾಗ ನನಗೆ ಈ ಊರಲ್ಲಿ ಬೇರೆಲ್ಲೂ ಸಿಕ್ಕಿಲ್ಲ.

ಅಪ್ಪ ಸ್ಟೀವನ್ಸ್ ಹುಟ್ಟಿದ್ದು 1847ರಲ್ಲಿ, ಇಂಗ್ಲೆಂಡಿನ ಬಾತ್‌ನಲ್ಲಿ. 1867ರಲ್ಲಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರ್ ಆಗಿ ಭಾರತಕ್ಕೆ ಬಂದರು. ಆಗ ಬರೀ ಇಪ್ಪತ್ತರ ಆಸುಪಾಸಿನ ವಯಸ್ಸು. ಹೆಸರು ತಂದ ಮೊದಲ ಕೆಲಸವೇ ಈ ಪೊಲೀಸ್ ಕಚೇರಿ. ಕಟ್ಟಿದ್ದು ಪೊಲೀಸರಿಗಲ್ಲ, ಹಡಗಿನ ನಾವಿಕರು ಉಳಿದುಕೊಳ್ಳಲಿ ಅಂತ. ರಾಣಿ ವಿಕ್ಟೋರಿಯಾಳ ಮಗ ಆಲ್ಫ್ರೆಡ್ ಬಂದಿದ್ದ ನೆನಪಿಗೆ ಬರೋಡದ ಖಂಡೇರಾವ್ ಗಾಯಕವಾಡರು ಎರಡು ಲಕ್ಷ ರೂಪಾಯಿ ಕೊಟ್ಟಿದ್ದರು. ಅದಕ್ಕೇ ರಾಯಲ್ ಆಲ್ಫ್ರೆಡ್ ಸೇಲರ್ಸ್ ಹೋಮ್ ಅಂತ ಹೆಸರು. ರಸ್ತೆಯಿಂದಲೇ ಮೇಲಿನ ತ್ರಿಕೋನ ಗೋಡೆ ನೋಡಿ: ಸಮುದ್ರದೇವ ನೆಪ್ಚೂನ್, ಸುತ್ತ ಕಡಲಕನ್ಯೆಯರು, ನೀರುಕುದುರೆಗಳು. ನಾವಿಕರ ಮನೆ ಅಲ್ವಾ, ಅದಕ್ಕೆ. ಒಳಗೆ ಹೋಗುವ ಹಾಗಿಲ್ಲ, ಹೊರಗಿಂದಲೇ ನೋಡಬೇಕು.

ಅಲ್ಲಿಂದ ಮಹಾತ್ಮಾ ಗಾಂಧಿ ರಸ್ತೆ, ಫ್ಲೋರಾ ಫೌಂಟನ್, ಡಿ. ಎನ್. ರೋಡ್ ಹಿಡಿದು ವಿಟಿ ಕಡೆ ನಡೆಯಿರಿ. ಸುಮಾರು ಎರಡು ಕಿಲೋಮೀಟರ್. ನನ್ನ ಆಫೀಸು ಇದೇ ಫೋರ್ಟ್ ಬಡಾವಣೆಯಲ್ಲಿ. ನಮ್ಮ ದೊಡ್ಡಪ್ಪ ಊರಿಂದ ಬಂದು ಹಗಲೆಲ್ಲ ಇಲ್ಲಿನ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರ ಹಾಗೆ ಎಷ್ಟೋ ಜನ ಕನ್ನಡದ ಹುಡುಗರು ದಿನಾ ಈ ಕಟ್ಟಡಗಳ ಕೆಳಗೇ ಓಡಾಡಿದ್ದಾರೆ.

ಇನ್ನು ವಿಟಿ. ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಆದರೆ ನಮ್ಮವರ ಬಾಯಲ್ಲಿ ಇನ್ನೂ ವಿಟಿಯೇ. 1878ರಲ್ಲಿ ಕೆಲಸ ಶುರುವಾಗಿ, ಮುಗಿಯಲು ಹತ್ತು ವರ್ಷ ಹಿಡಿಯಿತು. ಖರ್ಚು ಹದಿನಾರು ಲಕ್ಷ ಚಿಲ್ಲರೆ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಎಲ್ಲರೂ ಎದುರಿನ ಫುಟ್‌ಪಾತ್‌ನಲ್ಲಿ ನಿಂತು ಗುಮ್ಮಟದ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಆ ಗುಮ್ಮಟವನ್ನು ಕೆಳಗಿನಿಂದ ಮರದ ಆಸರೆ ಕೊಡದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಎತ್ತಿದ್ದಾರೆ. ಆ ಕಾಲಕ್ಕೆ ಅದು ದೊಡ್ಡ ಸಾಹಸ. ಗೇಟಿನ ಎರಡು ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ ಕೂತಿವೆ. ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು.

ಆದರೆ ನೀವು ಒಳಗೆ ಹೋಗಲೇಬೇಕು. ಲೋಕಲ್ ಟಿಕೆಟ್ ಕೊಡುವ ಹಾಲ್‌ಗೆ ಸ್ಟಾರ್ ಚೇಂಬರ್ ಅನ್ನುತ್ತಾರೆ. ಕ್ಯೂನಲ್ಲಿ ನಿಂತು ಒಮ್ಮೆ ತಲೆ ಎತ್ತಿ. ಕಮಾನು ಚಾವಣಿಯ ತುಂಬ ನಕ್ಷತ್ರಗಳು. ಕೆಳಗೆ ನಯ ಮಾಡಿದ ಕಲ್ಲಿನ ಕಂಬಗಳು. ಒಂದೊಂದು ಕಂಬದ ತಲೆಯಲ್ಲೂ ಎಲೆ, ಹೂವು, ಹಕ್ಕಿ, ಪ್ರಾಣಿ. ಒಂದರ ಹಾಗೆ ಇನ್ನೊಂದಿಲ್ಲ. ಇಲ್ಲಿನ ಕೆತ್ತನೆ ಜೆ. ಜೆ. ಕಲಾಶಾಲೆಯ ಹುಡುಗರದು. ಕೆಲಸದ ಉಸ್ತುವಾರಿಯಲ್ಲಿ ಸೀತಾರಾಮ್ ಖಂಡೇರಾವ್ ವೈದ್ಯ, ಎಂ. ಎಂ. ಜನಾರ್ದನ್ ಅನ್ನುವ ಇಬ್ಬರು ನಮ್ಮ ದೇಶದ ಎಂಜಿನಿಯರುಗಳಿದ್ದರು. ಸ್ಟೀವನ್ಸ್ ಹೆಸರು ಹೇಳುವಾಗ ಇವರನ್ನೂ ಹೇಳಬೇಕು ಅನ್ನುವುದು ನನ್ನ ಆಸೆ. ಬರೀ ಕಾಗದದ ಮೇಲಿನ ನಕ್ಷೆಯಿಂದ ಇಷ್ಟು ಕಲ್ಲು ಮೇಲೆ ಏಳುವುದಿಲ್ಲ.

ವಿಟಿ ನಡೆಯುತ್ತಿರುವಾಗಲೇ, 1884ರಲ್ಲಿ, ಸ್ಟೀವನ್ಸ್ ಸರ್ಕಾರಿ ನೌಕರಿ ಬಿಟ್ಟು ಸ್ವಂತ ಕಚೇರಿ ತೆರೆದರು. ಅಲ್ಲಿಂದ ಬಂದ ದೊಡ್ಡ ಕೆಲಸ ವಿಟಿ ಎದುರಿಗೇ ಇರುವ ಬಿಎಂಸಿ, ಅಂದರೆ ಮುಂಬೈ ಮಹಾನಗರ ಪಾಲಿಕೆ. ಎರಡು ರಸ್ತೆ ಸೇರುವ ಮೂಲೆಯ ಜಾಗ ಅದು, ಕಟ್ಟಡಕ್ಕೆ ಬಹಳ ಕಷ್ಟದ್ದು. ಅವರು ಆ ಮೂಲೆಗೇ 255 ಅಡಿಯ ಗೋಪುರ ನಿಲ್ಲಿಸಿ, ಎರಡೂ ಕಡೆಗೆ ಕಟ್ಟಡವನ್ನು ರೆಕ್ಕೆಯ ಹಾಗೆ ಚಾಚಿದರು. ಕಟ್ಟಿದ ಗುತ್ತಿಗೆದಾರರು ವೆಂಕು ಬಾಳಾಜಿ ಕಾಳೇವಾರ್. 1893ರಲ್ಲಿ ಮುಗಿಯಿತು. ಅಂದಾಜು 11,88,082 ರೂಪಾಯಿ, ಆದ ಖರ್ಚು 11,19,969. ಅಂದರೆ 68,113 ರೂಪಾಯಿ ಉಳಿತಾಯ! ಸರ್ಕಾರಿ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಬೇಕಾ?

ಕೊನೆಗೆ ಚರ್ಚ್‌ಗೇಟ್. ಸ್ಟೇಷನ್ ಎದುರಿನ ಪಶ್ಚಿಮ ರೈಲ್ವೆ ಮುಖ್ಯ ಕಚೇರಿ ಕೂಡ ಇವರದೇ. 1899ರಲ್ಲಿ ಮುಗಿಯಿತು. ಕಡು ಬಣ್ಣದ ಕಲ್ಲಿಗೆ ಬಿಳಿ ಕಲ್ಲಿನ ಪಟ್ಟಿ, ಮೇಲೆ ಗುಮ್ಮಟಗಳು. ಮುಂಭಾಗದ ಮೇಲಿರುವ ವಿಗ್ರಹದ ಕೈಯಲ್ಲಿ ಪುಟ್ಟ ರೈಲು ಎಂಜಿನ್ ಇದೆ, ಹುಡುಕಿ. ಮರುವರ್ಷವೇ ಸ್ಟೀವನ್ಸ್ ಮುಂಬೈಯಲ್ಲಿ ಮಲೇರಿಯಾದಿಂದ ತೀರಿಹೋದರು. ಐವತ್ಮೂರೂ ದಾಟಿರಲಿಲ್ಲ.

ಕಚೇರಿಯನ್ನು ಚಾರ್ಲ್ಸ್ ಮುಂದುವರಿಸಿದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಸಿಮೆಂಟು, ಕಬ್ಬಿಣದ ಸರಳು ಬಂದವು. ಕಂಬ ಅಡ್ಡ ಬರದ ಹಾಲ್ ಕಟ್ಟಬಹುದು ಅಂತಾಯಿತು. ಸಿನಿಮಾಕ್ಕೆ ಬೇಕಾದದ್ದೂ ಅದೇ. ಕಲ್ಲು ಕೆತ್ತುತ್ತ ಹತ್ತು ವರ್ಷ ಕಾಯುವ ದುಡ್ಡೂ ಪುರುಸೊತ್ತೂ ಯಾರಿಗಿತ್ತು? ಮಾಲೀಕ ಫ್ರಾಮ್‌ಜಿ ಸಿಧ್ವಾ ಅವರಿಗಾಗಿ ಚಾರ್ಲ್ಸ್ ಕಟ್ಟಿದ ರೀಗಲ್‌ನಲ್ಲಿ ನೆಪ್ಚೂನ್ ಇಲ್ಲ, ಹಕ್ಕಿ ಇಲ್ಲ. ನೇರ ಗೆರೆಗಳು, ನುಣುಪು ಗೋಡೆ. ಎಸಿ ಇತ್ತು, ನೆಲದ ಕೆಳಗೆ ಕಾರು ನಿಲ್ಲಿಸುವ ಜಾಗವೂ ಇತ್ತು, 1933ರಲ್ಲಿ! ಅಪ್ಪನ ಶೈಲಿಗೇ ಅಂಟಿಕೊಳ್ಳದೆ ತನ್ನ ಕಾಲಕ್ಕೆ ತಕ್ಕ ಕಟ್ಟಡ ಕಟ್ಟಿದ ಮಗ ಅಂತ ನನಗೆ ಚಾರ್ಲ್ಸ್ ಬಗ್ಗೆ ಬಹಳ ಗೌರವ. ಅಪ್ಪನ ಹೆಸರಿನ ಅಡಿಯಲ್ಲಿ ಅವರು ಮರೆಯಾಗಿದ್ದು ಬೇಜಾರು.

ಬೆಳಿಗ್ಗೆ ಬಿಸಿಲೇರುವ ಮುಂಚೆ ರೀಗಲ್ ಹತ್ತಿರ ಇರಿ. ವಿಟಿಯ ಸ್ಟಾರ್ ಚೇಂಬರ್‌ಗೆ ಹನ್ನೊಂದರ ನಂತರ ಹೋಗಿ, ಆಫೀಸಿಗೆ ಹೋಗುವವರ ನೂಕುನುಗ್ಗಲು ಕಡಿಮೆ ಇರುತ್ತದೆ. ಚರ್ಚ್‌ಗೇಟ್ ಕೊನೆಗಿಟ್ಟುಕೊಳ್ಳಿ. ಮದುವೆ ದಾದರ್, ಅಂಧೇರಿ ಕಡೆ ಇದ್ದರೆ ಅಲ್ಲಿಂದಲೇ ಲೋಕಲ್ ಹತ್ತಬಹುದು.