ಧಾರವಾಡದ ಹುಡುಗಿ, ಸಾಗರದ ಹುಡುಗ: ಮದುವೆ ನಮ್ಮದೇ ಅನ್ನಿಸಬೇಕು

ಪ್ರಶ್ನೆ: ನನ್ನದು ಧಾರವಾಡದ ಹತ್ತಿರದ ಹಳ್ಳಿ, ಲಿಂಗಾಯತ ಮನೆತನ. ಹುಡುಗ ಸಾಗರ ತಾಲ್ಲೂಕಿನವರು, ದೀವರ ಸಮುದಾಯ. ಬೆಂಗಳೂರಿನ ಹವ್ಯಾಸಿ ನಾಟಕ ತಂಡದಲ್ಲಿ ಪರಿಚಯವಾಯಿತು. ಎರಡೂ ಮನೆಯವರು ಒಪ್ಪಿದ್ದಾರೆ. ಬರುವ ಮೇ ತಿಂಗಳಲ್ಲಿ ಸಾಗರದಲ್ಲೇ ಮದುವೆ. ಇವೆಂಟ್‌ನವರು ‘ಹಳ್ಳಿ ಥೀಮ್’ ಅಂತ ಎತ್ತಿನಗಾಡಿ, ಥರ್ಮಾಕೋಲ್ ಕಂಬ ತೋರಿಸುತ್ತಿದ್ದಾರೆ. ನಮಗದು ಒಗ್ಗುತ್ತಿಲ್ಲ. ಎರಡೂ ಊರಿನದ್ದು ಇರಬೇಕು, ನಾಟಕವೂ ಇರಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಇಬ್ಬರ ಮನೆಯ ಅಜ್ಜಿಯರ ಹತ್ತಿರ ಕೂತು ಮಾತಾಡಿ. ಅವರ ಮದುವೆಯಲ್ಲಿ ಏನೇನು ನಡೆಯಿತು ಅಂತ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸೋಬಾನೆ ಪದ ಬಂದರೆ ಹಾಡಿಸಿ. ಆಮೇಲೆ ಆ ಪಟ್ಟಿಯಿಂದ ಒಂದೊಂದು ಮನೆಯದ್ದು ಒಂದೊಂದೇ ಶಾಸ್ತ್ರ ಆರಿಸಿಕೊಳ್ಳಿ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ.

ಹುಡುಗನ ಕಡೆಯಿಂದ ನಾನಾದರೆ ಹಸೆ ಚಿತ್ತಾರವನ್ನೇ ಆರಿಸುತ್ತೇನೆ. ದೀವರ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಕಪ್ಪಿಗೆ ಹುರಿದು ಕರಿದಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರಿನದ್ದು. ಇದರ ಮುಂದೆ ಮದುಮಕ್ಕಳನ್ನು ಹಸೆಗೆ ಕೂರಿಸುತ್ತಾರೆ. ಇದನ್ನು ಫ್ಲೆಕ್ಸ್ ಮೇಲೆ ಪ್ರಿಂಟ್ ಹೊಡೆಸಿ ವೇದಿಕೆ ಹಿಂದೆ ಕಟ್ಟಬೇಡಿ, ದಯವಿಟ್ಟು. ಆಗುವುದಾದರೆ ಹುಡುಗನ ಮನೆಯ ಗೋಡೆಯ ಮೇಲೇ ಬರೆಸಿ. ಛತ್ರದಲ್ಲೇ ಬೇಕೆಂದರೆ ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು ಬರೆಸಬಹುದು. ಚಿತ್ತಾರ ಬರೆಯುವವರು ಸಾಗರ, ಸೊರಬ ಕಡೆ ಇನ್ನೂ ಇದ್ದಾರೆ. ಅವರಿಗೆ ಒಂದು ಸೀರೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಡೆಕೋರೇಷನ್‌ಗೆ ಅಂತ ಇಟ್ಟ ದುಡ್ಡೇ ಇದೆಯಲ್ಲ, ಅದರಲ್ಲಿ ಸರಿಯಾದ ಸಂಭಾವನೆ ಕೊಡಿ. ನೀವೂ ಪಕ್ಕ ಕೂತು ನಾಲ್ಕು ಗೆರೆ ಎಳೆಯಿರಿ. ಹೊಸ ಮನೆಯ ಹೆಂಗಸರ ಜೊತೆ ಸಲುಗೆ ಬೆಳೆಯಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ನಿಮ್ಮ ಕಡೆಯಿಂದ ಸುರಗಿ ಇರಲಿ. ತಂಬಿಗೆಗಳನ್ನು ಮೂಲೆಗಿಟ್ಟು ನೂಲು ಸುತ್ತಿ, ನಡುವೆ ನಿಮ್ಮನ್ನು ಕೂರಿಸಿ ನೀರೆರೆಯುವ ಶಾಸ್ತ್ರ ಧಾರವಾಡದ ಮನೆಯಂಗಳದಲ್ಲೇ ಚೆಂದ. ಛತ್ರಕ್ಕೆ ತರಬೇಡಿ. ನೀರು, ಕೆಸರು, ಫೋಟೋದವರ ಗಲಾಟೆ, ಸುಮ್ನೆ ತಲೆನೋವು.

ಸೀರೆಗೆ ಇಳಕಲ್ ಸಾಕು, ಮೇಲೆ ಕಸೂತಿ. ಆರ್ಡರ್ ಈಗಲೇ ಕೊಡಿ. ಕೈಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ತುಂಬಾ ಸಮಯ ಹಿಡಿಯುತ್ತದೆ. ತೆಗೆದುಕೊಳ್ಳುವಾಗ ಸೆರಗು ತಿರುವಿ ನೋಡಿ. ಕಸೂತಿಯಲ್ಲಿ ಬರುವ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ಹಿಂದೆ ದಾರ ಜೋತಾಡುತ್ತಿದ್ದರೆ ಅದು ಅಚ್ಚುಕಟ್ಟಾದ ಕೈಕಸೂತಿ ಅಲ್ಲ.

ಊಟದಲ್ಲಿ ಎರಡು ಊರು ಸೇರಿಸುವುದು ಸುಲಭ. ಬಿಸಿ ಜೋಳದ ರೊಟ್ಟಿಯನ್ನು ದೊಡ್ಡ ಪಂಕ್ತಿಗೆ ಬಡಿದು ಬಡಿಸಲು ಆಗುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಇಡಿ. ಸಾಗರದ ಕಡೆಯಿಂದ ಅಪ್ಪೆಮಿಡಿ, ತಂಬುಳಿ, ತೊಡೆದೇವು. ಕಳಲೆ, ಅಂದರೆ ಎಳೆ ಬಿದಿರಿನ ಆಸೆ ಬಿಡಿ, ಅದು ಮಳೆಗಾಲದ್ದು. ಸಿಹಿಗೆ ಗೋಧಿ ಹುಗ್ಗಿ ಇದ್ದರೆ ನಿಮ್ಮ ಕಡೆಯವರ ಮುಖ ಅರಳುತ್ತದೆ.

ಯಾವ ಪದ್ಧತಿಯಲ್ಲಿ ತಾಳಿ ಕಟ್ಟುವುದು ಅನ್ನೋ ಚರ್ಚೆ ಮನೆಯಲ್ಲಿ ಬಂದೇ ಬರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಇಬ್ಬರಲ್ಲಿ ಯಾರಾದರೊಬ್ಬರ ಕಡೆಯ ರೂಢಿಯಂತೆ ಮದುವೆ ನಡೆದರೂ ಸಾಕು. ಹಾಗಾಗಿ ಕಾನೂನಿನ ಹೆಸರಲ್ಲಿ ಜಗಳ ಬೇಡ. ಹಿರಿಯರು ಕೂತು ಒಂದನ್ನು ತೀರ್ಮಾನಿಸಲಿ. ಆಮೇಲೆ ನೋಂದಣಿ ಮರೆಯಬೇಡಿ. ಲಗ್ನಪತ್ರಿಕೆ, ಮದುವೆ ಫೋಟೋ ತೆಗೆದಿಟ್ಟಿರಿ.

ಇನ್ನು ನಾಟಕ. ಆರತಕ್ಷತೆಯ ಸಾಲು ನಿಂತಿರುವಾಗ ವೇದಿಕೆ ಮೇಲೆ ಏನು ಆಡಿದರೂ ಯಾರೂ ನೋಡುವುದಿಲ್ಲ. ಅದರ ಬದಲು ಹಿಂದಿನ ಸಂಜೆ ಇಟ್ಟುಕೊಳ್ಳಿ. ಆಗ ಎರಡೂ ಕಡೆಯ ಹತ್ತಿರದವರು ಮಾತ್ರ ಇರುತ್ತಾರೆ, ಕಾಲು ಚಾಚಿ ಕೂತಿರುತ್ತಾರೆ. ಅಜ್ಜಿಯರು ಹೇಳಿದ ಮದುವೆ ಕಥೆಗಳನ್ನೇ ಅರ್ಧ ಗಂಟೆಯ ಪ್ರಸಂಗ ಮಾಡಿ. ನಿಮ್ಮ ತಂಡದವರು ಆಡಲಿ, ನೀವಿಬ್ಬರೂ ಕೂತು ನೋಡಿ. ಡಿಜೆ ಬದಲು ರಂಗಗೀತೆ ಇರಲಿ. ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ರಂಗಸಂಸ್ಥೆ ಇರುವ ತಾಲ್ಲೂಕು ಸಾಗರ. ಹಾರ್ಮೋನಿಯಂ ಹಿಡಿಯುವವರು, ದನಿಗೂಡಿಸುವವರು ಅಲ್ಲಿ ಸಿಗದೆ ಇರುತ್ತಾರಾ? ಸೋಬಾನೆ ಹಾಡುವ ಅಜ್ಜಿಯರಿಗೂ ಅವತ್ತೇ ಮೈಕ್ ಕೊಡಿ, ನಾಟಕಕ್ಕೂ ಮುಂಚೆ. ತಡವಾದರೆ ಅವರಿಗೆ ನಿದ್ದೆ ಬರುತ್ತದೆ. ರಾತ್ರಿ 10 ಗಂಟೆಯ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಆದ್ದರಿಂದ ಸಂಜೆ 6ಕ್ಕೇ ಶುರು ಮಾಡಿ.