ಪ್ರಾಜೆಕ್ಟ್‌ಗೆ ಎಫ್‌ಟಿಐಆರ್ ಬೇಕು, ಆದ್ರೆ ಕೊಳ್ಳಲೇಬೇಕಾ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾವು ಬಿಎಸ್ಸಿ ಕೊನೇ ವರ್ಷ, ಜಿಯಾಲಜಿ. ಲೋಕಾಪುರ ಕಡೆ ಸುಣ್ಣಕಲ್ಲು, ಡಾಲೊಮೈಟ್ ಮ್ಯಾಲೆ ಪ್ರಾಜೆಕ್ಟ್ ಮಾಡಾಕತ್ತೀವಿ. ಬರೇ ಆಸಿಡ್ ಹಾಕಿ ನೋಡಿದ್ರ ಸಾಲಂಗಿಲ್ಲ, ಇನ್‌ಫ್ರಾರೆಡ್‌ನ್ಯಾಗ ನೋಡ್ರಿ ಅಂತ ನಮ್ಮ ಸರ್ ಅಂದ್ರು. ಡಿಪಾರ್ಟ್‌ಮೆಂಟಿಗೆ ಒಂದು ಮಷಿನ್ ತರಿಸ್ರಿ ಅಂತ ಪ್ರಿನ್ಸಿಪಾಲರಿಗೆ ಪತ್ರ ಬರೀಬೇಕಂತ ಮಾಡೀವಿ. ಎಂಥಾದ್ದು ತಗೋಬೇಕ್ರಿ? ಸೆಕೆಂಡ್ ಹ್ಯಾಂಡ್ ಸಿಕ್ರ ನಡೀತೈತೇನು?
– ವಿದ್ಯಾರ್ಥಿನಿಯರು, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಸರ್ ಹೇಳಿರೋದು ಸರಿಯಾಗೇ ಇದೆ ಕಣ್ರಮ್ಮ, ಸುಣ್ಣಕಲ್ಲು, ಡಾಲೊಮೈಟ್ ಥರದ ಕಾರ್ಬೊನೇಟ್ ಕಲ್ಲಿಗೆ ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಯಾವ್ಯಾವ ಬೆಳಕನ್ನ ಪುಡಿ ಹೀರಿತು ಅಂತ ಗ್ರಾಫ್ ಕೊಡೋ ಮಷಿನ್) ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ಗ್ರಾಫ್‌ನಲ್ಲಿ 1400ರ (ಇಲ್ಲಿ ಹೇಳೋ ಪೀಕ್ ನಂಬರ್‌ಗಳೆಲ್ಲ ವೇವ್‌ನಂಬರ್, cm⁻¹ ಲೆಕ್ಕದಲ್ಲಿ) ಆಸುಪಾಸು ದೊಡ್ಡದಾಗಿ ಅಗಲವಾಗಿ ಬರೋ ಪೀಕ್ ನೋಡ್ಕೊಂಡು ತೀರ್ಮಾನ ಮಾಡ್ಬೇಡಿ, ಅದು ಎಲ್ಲಾ ಕಾರ್ಬೊನೇಟ್‌ಗೂ ಬರುತ್ತೆ. ನೀವು ನೋಡ್ಬೇಕಾಗಿರೋದು 700ರಿಂದ 750ರ ಮಧ್ಯೆ ಬರೋ ಸಣ್ಣ ಚೂಪು ಪೀಕ್‌ನ, ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಆದ್ರೆ 712ರ ಹತ್ರ, ಡಾಲೊಮೈಟ್ ಆದ್ರೆ 728ರ ಹತ್ರ, ಮ್ಯಾಗ್ನೆಸೈಟ್ ಆದ್ರೆ 748ರ ಹತ್ರ ಇರುತ್ತೆ, ಎರಡು ಖನಿಜ ಬೆರೆತಿದ್ರೆ ಎರಡು ಪೀಕೂ ಪಕ್ಕಪಕ್ಕದಲ್ಲೇ ಕಾಣುತ್ತೆ. 798, 779ರಲ್ಲಿ ಜೋಡಿ ಪೀಕ್ ಬಂತು ಅಂದ್ರೆ ಕ್ವಾರ್ಟ್ಜ್ ಸೇರ್ಕೊಂಡಿದೆ ಅಂತ.

ಆದ್ರೆ ಮಷಿನ್ ಕೊಳ್ಳೋ ಪತ್ರ ಈಗ್ಲೇ ಬೇಡ. ಹೊಸದಕ್ಕೆ ಲಕ್ಷಗಟ್ಟಲೆ ಆಗುತ್ತೆ, ಗ್ರಾಂಟ್ ಬಂದು ಟೆಂಡರ್ ಆಗಿ ಇನ್‌ಸ್ಟಾಲ್ ಆಗೋಷ್ಟರಲ್ಲಿ ನಿಮ್ಮ ಡಿಗ್ರಿ ಮುಗಿದಿರುತ್ತೆ. ಮೊದ್ಲು ಹತ್ತಿರದ ಫಾರ್ಮಸಿ ಕಾಲೇಜಲ್ಲಿ ವಿಚಾರಿಸಿ. ಜಿಯಾಲಜಿಯವ್ರಿಗೆ ಇದು ಹೊಳೆಯೋದೇ ಇಲ್ಲ, ಔಷಧಿ ಯಾವ್ದು ಅಂತ ಗುರುತು ಹಿಡಿಯೋಕೆ ಅವ್ರಿಗೂ ಎಫ್‌ಟಿಐಆರೇ ಬೇಕು, ಹಾಗಾಗಿ ಎಷ್ಟೋ ಫಾರ್ಮಸಿ ಕಾಲೇಜುಗಳಲ್ಲಿ ಅದು ಇರುತ್ತೆ. ಅಲ್ಲಿ ಆಗ್ಲಿಲ್ಲ ಅಂದ್ರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಲ್ಲಿ ಕೇಳಿ. ಇನ್ನೊಂದು ದಾರಿ ಐ-ಸ್ಟೆಮ್ (I-STEM) ಅನ್ನೋ ಸರ್ಕಾರಿ ವೆಬ್ ಪೋರ್ಟಲ್, 2020ರ ಜನವರಿಯಲ್ಲಿ ಶುರುವಾಗಿದ್ದು, ದೇಶದಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಅಂತ ಹುಡುಕಿ ಅಲ್ಲೇ ಬುಕ್ ಮಾಡ್ಬೋದು. ನಿಮ್ಮ ಗೈಡ್ ಸಹಿ ಇರೋ ಲೆಟರ್ ಜೊತೆಗಿಟ್ಕೊಳ್ಳಿ.

ಪ್ರಿನ್ಸಿಪಾಲರ ಹತ್ರ ಕೇಳೋದಾದ್ರೆ ಒಂದು ಅಗೇಟ್ ಮಾರ್ಟರ್ (ಅಗೇಟ್ ಕಲ್ಲಿನ ಸಣ್ಣ ಕುಟ್ಟಾಣಿ), ಓವನ್, ಡೆಸಿಕೇಟರ್ (ತೇವ ತಗುಲದ ಹಾಗೆ ಇಡೋ ಪಾತ್ರೆ) ಕೇಳಿ, ಯಾಕಂದ್ರೆ ರಿಸಲ್ಟ್ ಕೆಡೋದು ಜಾಸ್ತಿ ಸ್ಯಾಂಪಲ್ ತಯಾರಿಯಲ್ಲೇ. ಪುಡಿ ಮುಖಕ್ಕೆ ಹಚ್ಚೋ ಪೌಡರ್ ಥರ ನುಣ್ಣಗಿರ್ಬೇಕು, ತರಿತರಿ ಇದ್ರೆ ಪೀಕ್ ಅಗಲ ಆಗಿ ಸೊಟ್ಟ ಬರುತ್ತೆ. ಪೆಲೆಟ್ (ಪುಡಿ ಒತ್ತಿ ಮಾಡೋ ತೆಳು ಬಿಲ್ಲೆ) ಮಾಡೋದಾದ್ರೆ 1ರಿಂದ 2 ಮಿಲಿಗ್ರಾಂ ಕಲ್ಲಿನ ಪುಡಿಗೆ 200 ಮಿಲಿಗ್ರಾಂ ಪೊಟ್ಯಾಷಿಯಂ ಬ್ರೋಮೈಡ್, ಅದನ್ನ ಓವನ್‌ನಲ್ಲಿ ಚೆನ್ನಾಗಿ ಒಣಗಿಸಿರ್ಬೇಕು, ಗಾಳಿಯಲ್ಲಿರೋ ತೇವ ಎಳ್ಕೊಂಡ್ರೆ 3400ರ ಸುಮಾರು ನೀರಿನ ಪೀಕ್ ಬಂದು ಕಲ್ಲಲ್ಲೇ ನೀರಿದೆಯೇನೋ ಅನ್ನಿಸ್ಬಿಡುತ್ತೆ. ಎಟಿಆರ್ (ಪುಡಿನ ಒಂದು ಹರಳಿನ ಮೇಲಿಟ್ಟು ನೇರ ಅಳೆಯೋ ಜೋಡಣೆ) ಇರೋ ಮಷಿನ್ ಆದ್ರೆ ಪೆಲೆಟ್ ರಗಳೆನೇ ಇಲ್ಲ, ಚಿಟಿಕೆ ಪುಡಿ ಇಟ್ಟು ಒತ್ತಿದ್ರೆ ಆಯ್ತು. ಆದ್ರೆ ಎಟಿಆರ್‌ನಲ್ಲಿ ಪೀಕ್ ಸ್ವಲ್ಪ ಕೆಳಗಿನ ನಂಬರ್ ಕಡೆಗೆ ಸರಿಯುತ್ತೆ, ಅದಕ್ಕೇ ಗೊತ್ತಿರೋ ಶುದ್ಧ ಕ್ಯಾಲ್ಸೈಟ್ ಒಂದನ್ನ ಅದೇ ದಿನ, ಅದೇ ಮಷಿನ್‌ನಲ್ಲಿ ಓಡಿಸಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ನನಗೆ ಧೈರ್ಯ ಇಲ್ಲ. ಒಳಗಿನ ಬೀಮ್‌ಸ್ಪ್ಲಿಟರ್ (ಬೆಳಕನ್ನ ಎರಡಾಗಿ ಸೀಳೋ ಭಾಗ) ಸಾಮಾನ್ಯವಾಗಿ ಪೊಟ್ಯಾಷಿಯಂ ಬ್ರೋಮೈಡ್‌ದೇ ಇರುತ್ತೆ, ತೇವ ಕುಡಿದು ಮಂಕಾಗಿದ್ರೆ ಅದನ್ನ ಬದಲಾಯಿಸೋ ಖರ್ಚು ತುಂಬಾ ಜಾಸ್ತಿ. ಲೇಸರ್‌ಗೂ ಆಯಸ್ಸು ಅಂತ ಇದೆ, ಸಾಫ್ಟ್‌ವೇರ್ ಹಳೇ ಕಂಪ್ಯೂಟರ್‌ನಲ್ಲಷ್ಟೇ ಓಡೋ ಥರದ್ದಾಗಿರ್ಬೋದು. ಮುಂದೆ ಡಿಪಾರ್ಟ್‌ಮೆಂಟ್ ಹೊಸದು ತರಿಸಿದ್ರೆ ಡೈಮಂಡ್ ಹರಳಿನ ಎಟಿಆರ್ ಇರೋದನ್ನೇ ಕೇಳಲಿ. ಝಿಂಕ್ ಸೆಲೆನೈಡ್‌ದು ಅಗ್ಗ ಸಿಗುತ್ತೆ, ಆದ್ರೆ 600ರ ಕೆಳಗೆ ನಂಬೋ ಹಾಗಿಲ್ಲ, ನಾಳೆ ನಿಮ್ಮ ಜೂನಿಯರ್ಸ್ ಸಂಡೂರಿನ ಹೆಮಟೈಟ್ (ಕಬ್ಬಿಣದ ಅದಿರು) ತಂದ್ರೆ ಅದ್ರ ಮುಖ್ಯ ಪೀಕ್‌ಗಳೆಲ್ಲ ಅಲ್ಲೇ ಇರೋದು. ಕೊಟೇಶನ್‌ನಲ್ಲಿ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ), ಟ್ರೈನಿಂಗ್ ಎರಡೂ ಬರೆಸ್ಕೊಳ್ಳಲಿ.

ಸ್ಪೆಕ್ಟ್ರಮ್ (ಆ ಪೀಕ್‌ಗಳ ಗ್ರಾಫ್) ಕೈಗೆ ಬಂದ್ಮೇಲೆ ಹೋಲಿಸಿ ನೋಡೋಕೆ ರಫ್ (RRUFF) ಅನ್ನೋ ಖನಿಜ ಡೇಟಾಬೇಸ್ ಫ್ರೀಯಾಗೇ ಸಿಗುತ್ತೆ. ಅದೇ ಕಲ್ಲಿನ ತುಂಡಿಗೆ ಅಲಿಜರಿನ್ ರೆಡ್ ಬಣ್ಣನೂ ಹಾಕಿ ನೋಡಿ, ಕ್ಯಾಲ್ಸೈಟ್ ಕೆಂಪಾಗುತ್ತೆ, ಡಾಲೊಮೈಟ್ ಆಗಲ್ಲ, ಸ್ಪೆಕ್ಟ್ರಮ್, ಬಣ್ಣ ಹಾಕಿದ ಕಲ್ಲಿನ ಫೋಟೋ ಎರಡನ್ನೂ ರಿಪೋರ್ಟ್‌ನಲ್ಲಿ ಹಾಕಿ.