ಪೋರ್ಚುಗಲ್‌ನಲ್ಲಿ "ನಾನು ಇಂಥವನು" ಅನ್ನೋದು ಹೇಗೆ

ಪೋರ್ಟೊಗೆ ಕೆಲಸಕ್ಕೆ ಹೊರಟಿದ್ದೀರಿ, ಆ್ಯಪ್‌ನಲ್ಲಿ ಕಲಿತ "ಮೆಉ ನೋಮಿ ಎ..." (ನನ್ನ ಹೆಸರು...) ಸಾಕಾ ಅಂತ ಕೇಳಿದ್ದೀರಿ. ಜನಕ್ಕೆ ಅರ್ಥವಾಗುತ್ತೆ, ಆದರೆ ಅದು ಬ್ರೆಜಿಲ್ ಧಾಟಿ. ಪೋರ್ಚುಗಲ್‌ನಲ್ಲಿ "ಶಾಮು-ಮ್ ಹರೀಶ್" (ನನ್ನ ಹೆಸರು ಹರೀಶ್) ಅಂತಾರೆ. ಆಫೀಸಿನಲ್ಲಿ, ಮಾತಿನ ನಡುವೆ ಇನ್ನೂ ಸಲೀಸಾದದ್ದು "ಸೋ ಉ ಹರೀಶ್" (ನಾನು ಹರೀಶ್). ಆ "ಉ" ಬಿಡಬೇಡಿ. ಹೆಸರಿಗೆ ಮೊದಲು ಗಂಡಸಿಗೆ "ಉ", ಹೆಂಗಸಿಗೆ "ಅ" ಬರುತ್ತೆ. "ಶಾಮು-ಮ್" ಆದಮೇಲೆ ಮಾತ್ರ ಬರಲ್ಲ. "ಎಉ", ಅಂದರೆ ನಾನು, ಪ್ರತಿ ಸಲ ಬೇಕಿಲ್ಲ. ನಾವು "ಬಂದೆ" ಅಂದರೆ ಸಾಕಾಗೋ ಹಾಗೆ ಅಲ್ಲೂ ಕ್ರಿಯಾಪದವೇ ಹೇಳಿಬಿಡುತ್ತೆ. ಆದರೆ "ನಾನು ಹರೀಶ" ಅಂತ ನಾವು ಕ್ರಿಯಾಪದವನ್ನೇ ಬಿಡ್ತೀವಲ್ಲ, ಅದು ಅಲ್ಲಿ ನಡೆಯಲ್ಲ, "ಸೋ" ಬೇಕೇ ಬೇಕು.

ನಿಜವಾದ ಪರೀಕ್ಷೆ ಫೋನಿನಲ್ಲಿ. ಎತ್ತಿದವರು "ಷ್ಟೋ?" ಅಥವಾ "ಷ್ಟಾ ಲಾ?" ಅಂತಾರೆ, "ಅಲೋ" ಬ್ರೆಜಿಲ್‌ನಲ್ಲಿ. "ಕೈಂ ಫಾಲ?", ಯಾರು ಮಾತಾಡೋದು, ಅಂತ ಕೇಳಿದರೆ "ಎ ಉ ಹರೀಶ್" ಅನ್ನಿ. ತನ್ನನ್ನೇ "ಅವನು" ಅನ್ನೋ ಹಾಗೆ ಹೇಳಿಕೊಳ್ಳೋದು ವಿಚಿತ್ರ ಅನಿಸುತ್ತೆ, ಆದರೆ ಫೋನಿನ ರೂಢಿ ಅದೇ. ಸ್ವಲ್ಪ ಬಿಗುವಾಗಿ ಬೇಕಿದ್ದರೆ "ದಕೀ ಫಾಲ ಉ ಹರೀಶ್" (ಇಲ್ಲಿಂದ ಹರೀಶ್ ಮಾತಾಡೋದು).

ಬಾಗಿಲ ಬೆಲ್ ಒತ್ತಿ "ಕೈಂ ಎ?" (ಯಾರು?) ಕೇಳಿಸಿದರೆ, ಗುರುತಿದ್ದವರಿಗೆ "ಸೋ ಎಉ" (ನಾನೇ) ಸಾಕು. ಅಪಾರ್ಟ್‌ಮೆಂಟ್‌ನಲ್ಲಿ ಹೆಸರಿಗಿಂತ ಮನೆಯೇ ಗುರುತು: "ಸೋ ಉ ವಿಜ಼ಿಞು ದು ತೆರ್ಸೈರು ಷ್ಕೇರ್ದು", ಮೂರನೇ ಮಹಡಿ ಎಡಮನೆಯ ನೆರೆಯವನು. ಮಹಡಿ ಲೆಕ್ಕ ನಮ್ಮ ಹಾಗೇ, ನೆಲಮಹಡಿ ಬಿಟ್ಟು ಎಣಿಸಿ.

ಹೆಸರು ಬರೆಸೋದು ಇನ್ನೊಂದು ತಲೆನೋವು. ಪೋರ್ಚುಗೀಸಿನಲ್ಲಿ ಮೊದಲ ಎಚ್‌ಗೆ ಉಚ್ಚಾರಣೆಯೇ ಇಲ್ಲ, ಕಾಗದದಲ್ಲಿ ನೋಡಿ ಓದಿದವರು "ಅರೀಶ್" ಅಂತಾರೆ. ಇತ್ತ ನೀವು ಬರೀ ಬಾಯಲ್ಲಿ ಹೇಳಿದರೆ ಆರ್‌ನಿಂದ ಶುರುಮಾಡಿ ಬರೆದುಕೊಳ್ಳಬಹುದು, ಪದದ ಮೊದಲ ಆರ್ ಅಲ್ಲಿ ಹಕಾರದ ಹತ್ತಿರ ಕೇಳಿಸುತ್ತೆ. ಅಕ್ಷರ ಬಿಡಿಸಿ ಹೇಳೋದನ್ನ ಈಗಲೇ ಕಲಿಯಿರಿ: ಎಚ್‌ಗೆ "ಅಗಾ", ಜೆಗೆ "ಜೋತ", ಕೆಗೆ "ಕಾಪ", ವೈಗೆ "ಈಪ್ಸಿಲೋನ್".

ನಮ್ಮ ಇನಿಶಿಯಲ್ ಕಥೆ ಬೇರೆ. ಅರ್ಜಿಯಲ್ಲಿ "ಅಪೆಲೀದು" ಅಂದರೆ ಮನೆತನದ ಹೆಸರು, ಪಾಸ್‌ಪೋರ್ಟ್‌ನಲ್ಲಿ ಆ ಜಾಗದಲ್ಲಿ ಇರೋದನ್ನೇ ಬರೆಯಿರಿ. ಕೌಂಟರ್‌ನಲ್ಲೂ ಅದೇ ಹೆಸರು ಹೇಳಿ, ನಡುವೆ ಬದಲಿಸಬೇಡಿ.

ಹಿರಿಯರಿಗೆ, ಅಪರಿಚಿತರಿಗೆ "ಕೋಮು ಸ್ ಶಾಮ?" (ನಿಮ್ಮ ಹೆಸರೇನು?) ಅಂತ ಕೇಳಿ. "ಕೋಮು ತ್ ಶಾಮಷ್?" ಏಕವಚನ, ಮಕ್ಕಳಿಗೆ, ಓರಗೆಯವರಿಗೆ. ಇನ್ನು ಅಂಗಡಿಯಲ್ಲಿ ಬಿಲ್ ಮಾಡುವಾಗ "ಕೊಂತ್ರಿಬುಯಿಂತ್?" ಅಂದರೆ ಕೇಳ್ತಿರೋದು ಹೆಸರನ್ನಲ್ಲ, 9 ಅಂಕಿಯ ತೆರಿಗೆ ಸಂಖ್ಯೆ. ಬೇಡವಾದರೆ "ನಾಂಉ, ಒಬ್ರಿಗಾದು" (ಬೇಡ, ಧನ್ಯವಾದ) ಅನ್ನಿ, ಹೆಂಗಸರಾದರೆ "ಒಬ್ರಿಗಾದ".